ಕೀಲೆಣ್ಣೆ

ಕಾರಿಗೆ ಇಂಜಿನ್ ಆಯಿಲ್ ಬದಲಾಯಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಸರ್ವೀಸಿನವರು ಗಾಜಿಗೆ ಸ್ಟಿಕ್ಕರ್ ಅಂಟಿಸಿರ್ತಾರೆ, ನಾವು ಮರೆತರೂ ಅವರು ಮೆಸೇಜ್ ಕಳಿಸಿ ನೆನಪಿಸ್ತಾರೆ. ಆದರೆ ಹಿಂದಿನ ಚಕ್ರ ತಿರುಗಿಸಿ ಓಡುವ ಕಾರುಗಳಲ್ಲಿ, ಹಿಂದಿನ ಎರಡು ಚಕ್ರಗಳ ನಡುವೆ, ಹೊಟ್ಟೆಯ ಅಡಿಗೆ ಒಂದು ಲೋಹದ ಡಬ್ಬಿ ಇರುತ್ತೆ. ಅದರೊಳಗೆ ಸುಮಾರು ಒಂದು ಲೀಟರ್ ಎಣ್ಣೆ ಸದ್ದಿಲ್ಲದೆ ಕೂತಿರುತ್ತೆ. ಅದಕ್ಕೆ ಸ್ಟಿಕ್ಕರ್ ಇಲ್ಲ, ದೀಪ ಇಲ್ಲ, ಕೇಳುವವರೂ ಇಲ್ಲ. ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಕೊನೆಗೆ ಉಣ್ಣೋ ಅಮ್ಮಂದಿರ ಹಾಗೆ :-)

ಆ ಡಬ್ಬಿಯ ಹೆಸರು ಡಿಫರೆನ್ಶಿಯಲ್. ಊರಲ್ಲಿ ಯಾವತ್ತಾದರೂ ಲಾರಿ ಹಿಂದೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ನೀವು ಅದನ್ನ ನೋಡೇ ಇರ್ತೀರಿ. ಹಿಂದಿನ ಚಕ್ರಗಳ ಮಧ್ಯೆ ಕುಂಬಳಕಾಯಿ ಗಾತ್ರದ ಒಂದು ಗುಂಡು, ಮೈಯೆಲ್ಲ ಎಣ್ಣೆ ಮಿಶ್ರಿತ ಧೂಳು. ಕಳೆದ ತಿಂಗಳು ನಾನು ನನ್ನ ಕಾರಿನ ಆ ಡಬ್ಬಿಯ ಎಣ್ಣೆಯನ್ನ ನಾನೇ, ನನ್ನ ಕೈಯಾರೆ ಬದಲಾಯಿಸಿದೆ. ಈ ಬರಹ ಅದರ ಬಗ್ಗೆ. ಅಂದ್ರೆ ಮುಕ್ಕಾಲು ಪಾಲು ಅದರ ಬಗ್ಗೆ.

ಮೊದಲು ಕಾರಿನ ವಿಷಯ. ನಾನಿರೋದು ಅಮೆರಿಕದ ಓಹಾಯೋದಲ್ಲಿ. ಬರೆಯೋದು ಜಾವಾ ಕೋಡು. ಎರಡು ವರ್ಷದ ಹಿಂದೆ ಒಂದು ಹಳೇ ಮಾಜ್ದಾ ಮಿಯಾಟಾ ತಗೊಂಡೆ, 2004ರ ಮಾಡೆಲ್. ಎರಡೇ ಸೀಟು, ಬಟ್ಟೆಯ ಟಾಪು, 1.8 ಲೀಟರ್ ಇಂಜಿನ್ ಮುಂದೆ, ತಿರುಗೋದು ಹಿಂದಿನ ಚಕ್ರ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಸಲ ತೋರಿಸಿದ ಕಾರಿನ ಎರಡನೇ ತಲೆಮಾರು ಇದು. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನೀವು ಫೆರಾರಿ ಗಿರಾರಿ ಅಂದುಕೊಳ್ಳಬೇಡಿ. ನಾನು ಕೊಟ್ಟ ದುಡ್ಡಿಗೆ ಇಲ್ಲಿ ಹೊಸ ಸಣ್ಣ ಕಾರಿನ ಅರ್ಧವೂ ಬರಲ್ಲ. "ಇಬ್ಬರು ಕೂರೋ ಕಾರು ಯಾರಿಗೋ? ನಾವು ಬಂದ್ರೆ ಒಬ್ಬರನ್ನ ಏರ್‌ಪೋರ್ಟಲ್ಲೇ ಬಿಟ್ಟು ಬರ್ತೀಯಾ?" ಅಂತ ಅಮ್ಮ ಕೇಳಿದ್ದರು. ಅಪ್ಪ ಏನೂ ಕೇಳಲಿಲ್ಲ. "ಹಿಂದಿನ ಡ್ರೈವಾ?" ಅಂದರು. "ಹೂಂ" ಅಂದೆ. "ಸರಿ, ಅಮ್ಮಂಗೆ ಕೊಡ್ತೀನಿ" ಅಂತ ಫೋನು ಕೊಟ್ಟುಬಿಟ್ಟರು. ನಮ್ಮಿಬ್ಬರ ಮಾತು ಹತ್ತು ವರ್ಷದಿಂದ ಇಷ್ಟೇ. ಊಟ ಆಯ್ತಾ, ಚಳಿ ಹೆಂಗಿದೆ, ಅಮ್ಮಂಗೆ ಕೊಡ್ತೀನಿ.

ಅಪ್ಪ ಲಾರಿ ಮೆಕ್ಯಾನಿಕ್. ಹಾಸನದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಅದೇ ಕೆಲಸ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೀಗೆ ಹೇಳಿದರೆ ಎಲ್ಲರೂ "ಓ, ಅಪ್ಪನಿಂದ ಬಂದ ಆಸಕ್ತಿ" ಅಂತಾರೆ. ನಿಜ ಏನಂದ್ರೆ ಅಪ್ಪ ನನ್ನನ್ನ ಗ್ಯಾರೇಜಿನ ಬಾಗಿಲು ದಾಟೋಕೆ ಬಿಡ್ತಿರಲಿಲ್ಲ. ಟಿಫನ್ ಬಾಕ್ಸ್ ಕೊಡೋಕೆ ಹೋದರೂ ಹೊರಗೆ ನಿಲ್ಲಿಸಿ ಇಸ್ಕೊಂಡು "ಹೋಗು, ಓದ್ಕೋ ಹೋಗು" ಅಂತ ಕಳಿಸ್ತಿದ್ದರು. ಕಾಲೇಜಿನಲ್ಲಿ ಡಿಫರೆನ್ಶಿಯಲ್ ಚಿತ್ರ ಬರೆದು, ಭಾಗಗಳನ್ನ ಗುರುತಿಸಿ ಹತ್ತಕ್ಕೆ ಒಂಬತ್ತು ತಗೊಂಡೆ. ಆದರೆ ಅದನ್ನ ಬೆರಳಲ್ಲಿ ಮುಟ್ಟಿರಲಿಲ್ಲ. ಆಮೇಲೆ ಕ್ಯಾಂಪಸ್ ಇಂಟರ್‌ವ್ಯೂ ಬಂತು, ನಮ್ಮ ಬ್ಯಾಚಿನ ಮೆಕ್ಯಾನಿಕಲ್ಲು, ಸಿವಿಲ್ಲು ಎಲ್ಲ ಒಟ್ಟಿಗೆ ಸಾಫ್ಟ್‌ವೇರ್ ಆಯ್ತು. ನಿಮಗೆ ಗೊತ್ತಿರೋ ಕಥೆಯೇ.

ಸರಿ, ಈ ಡಿಫರೆನ್ಶಿಯಲ್ ಯಾಕೆ ಬೇಕು? ಎತ್ತಿನ ಗಾಡಿಗೆ ಇದರ ಗೋಳಿಲ್ಲ ನೋಡಿ. ಎರಡೂ ಚಕ್ರ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗ್ತವೆ. ಎಳೆಯೋದು ಎತ್ತು, ಚಕ್ರ ಅಲ್ಲ. ಕಾರಿನಲ್ಲಿ ಹಾಗಲ್ಲ, ಚಕ್ರವೇ ನೆಲವನ್ನ ಒತ್ತಿ ಗಾಡಿಯನ್ನ ಮುಂದೆ ತಳ್ಳಬೇಕು. ಹಾಗಂತ ಎರಡೂ ಚಕ್ರವನ್ನ ಒಂದೇ ಸಲಾಕೆಗೆ ಗಟ್ಟಿಯಾಗಿ ಸೇರಿಸಿಬಿಟ್ಟರೆ ತಿರುವಿನಲ್ಲಿ ಕಷ್ಟ. ಯಾಕಂದ್ರೆ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ನನ್ನ ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 1.44 ಮೀಟರ್ ಅಂತರ. ಕಾರು ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಸುಮಾರು 9 ಮೀಟರ್ ಹೆಚ್ಚು ಓಡಿರುತ್ತೆ. ತಮಾಷೆ ಏನಂದ್ರೆ ಆ ಸುತ್ತು ಸಣ್ಣದಿರಲಿ, ಇಡೀ ಕ್ರಿಕೆಟ್ ಮೈದಾನದಷ್ಟಿರಲಿ, ವ್ಯತ್ಯಾಸ ಅದೇ 9 ಮೀಟರ್. ಎರಡು ಪೈ ಗುಣಿಸು ಚಕ್ರಗಳ ಅಂತರ, ಅಷ್ಟೇ. ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿ ನೋಡಿ, ಖುಷಿಯಾಗುತ್ತೆ.

ಈ ವ್ಯತ್ಯಾಸವನ್ನ ಸರಿದೂಗಿಸೋದೇ ಆ ಡಬ್ಬಿಯ ಕೆಲಸ. ಒಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ನಮ್ಮ ಮೆಕ್ಯಾನಿಕ್‌ಗಳು ಕ್ರೌನ್ ಅಂತಾರೆ. ಅದನ್ನ ತಿರುಗಿಸೋಕೆ ಒಂದು ಪಿನಿಯನ್. ಕ್ರೌನಿನ ಹೊಟ್ಟೆಯೊಳಗೆ ಇನ್ನೂ ನಾಲ್ಕು ಪುಟಾಣಿ ಗೇರುಗಳು. ನೇರ ಹೋಗುವಾಗ ಅವು ಸುಮ್ಮನೆ ಕ್ರೌನಿನ ಜೊತೆ ಸುತ್ತುತ್ತವೆ. ತಿರುವಿನಲ್ಲಿ ಮಾತ್ರ ತಮ್ಮತಮ್ಮಲ್ಲೇ ಹೊರಳಿ, ಒಳಗಿನ ಚಕ್ರದಿಂದ ಎಷ್ಟು ವೇಗ ಕಡಿಮೆ ಆಯ್ತೋ ಅಷ್ಟನ್ನೇ ಹೊರಗಿನದಕ್ಕೆ ದಾಟಿಸ್ತವೆ. ಎರಡೂ ಚಕ್ರಗಳ ವೇಗ ಕೂಡಿದರೆ ಯಾವಾಗಲೂ ಕ್ರೌನಿನ ವೇಗದ ಎರಡರಷ್ಟು. ಒಂದು ಕಂಪ್ಯೂಟರ್ ಇಲ್ಲ, ಒಂದು ಸೆನ್ಸರ್ ಇಲ್ಲ. 1820ರ ದಶಕದ ಕೊನೆಯಲ್ಲೇ ಪೆಕೂರ್ ಅನ್ನೋ ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ ಉಗಿಬಂಡಿಗೆ ಅಂತ ಇದಕ್ಕೆ ಪೇಟೆಂಟ್ ತಗೊಂಡಿದ್ದ. ನಾವು ಬರೆದ ಕೋಡು ಎರಡು ವರ್ಷ ಬದುಕಿದರೆ ಪಾರ್ಟಿ ಮಾಡ್ತೀವಿ!

ಇನ್ನು ಎಣ್ಣೆ. ಈ ಕ್ರೌನು ಪಿನಿಯನ್ ಹಲ್ಲುಗಳು ನೇರವಾಗಿ ಒಂದನ್ನೊಂದು ಕಚ್ಚಲ್ಲ. ಪಿನಿಯನ್ನು ಕ್ರೌನಿನ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಕೂತಿರುತ್ತೆ, ಹಾಗಾಗಿ ಹಲ್ಲು ಹಲ್ಲಿನ ಮೇಲೆ ಉಜ್ಜಿಕೊಂಡು ಜಾರುತ್ತೆ. ಇದಕ್ಕೆ ಹೈಪಾಯಿಡ್ ಗೇರ್ ಅಂತ ಹೆಸರು. 1926ರ ಹೊತ್ತಿಗೆ ಪ್ಯಾಕರ್ಡ್ ಕಂಪನಿ ಇದನ್ನ ಕಾರಿಗೆ ತಂದಿತು. ಇಂಜಿನಿನಿಂದ ಹಿಂದಕ್ಕೆ ಬರೋ ಶಾಫ್ಟನ್ನ ಕೆಳಗೆ ಇಳಿಸಬಹುದು, ಸದ್ದೂ ಕಡಿಮೆ. ಆದರೆ ಆ ಉಜ್ಜಾಟದ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪೊರೆ ಹರಿದೇ ಹೋಗುತ್ತೆ. ಅದಕ್ಕೇ ಗೇರ್ ಆಯಿಲ್‌ಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನ ಬೆರೆಸಿರ್ತಾರೆ. ಹಲ್ಲುಗಳು ಒತ್ತಿ ಬಿಸಿಯಾದ ಜಾಗದಲ್ಲೇ ಅವು ಉಕ್ಕಿನ ಜೊತೆ ಸೇರಿ ಒಂದು ತೆಳು ಪದರ ಕಟ್ಟಿಕೊಳ್ತವೆ. ಸವೆಯೋದು ಆ ಪದರ, ಹಲ್ಲಲ್ಲ. ನನ್ನ ಕಾರಿಗೆ ಬೇಕಾದ್ದು ಜಿಎಲ್-5 ದರ್ಜೆಯ 90 ನಂಬರ್ ಎಣ್ಣೆ. ಇಲ್ಲಿಯ ಚಳಿಗೂ ಆಗಲಿ ಅಂತ 75ಡಬ್ಲ್ಯು-90 ಸಿಂಥೆಟಿಕ್ ತಗೊಂಡೆ.

ಕಾರಿನ ಹಿಂದಿನ ಮಾಲೀಕನ ಹತ್ತಿರ ಇಂಜಿನ್ ಆಯಿಲಿನ ಬಿಲ್ಲುಗಳೆಲ್ಲ ಇದ್ದವು, ಇದರದ್ದು ಒಂದೂ ಇರಲಿಲ್ಲ. ಇಪ್ಪತ್ತು ವರ್ಷದ ಗಾಡಿ. ಒಂದು ವರ್ಕ್‌ಶಾಪಿನಲ್ಲಿ ವಿಚಾರಿಸಿದೆ, 160 ಡಾಲರ್ ಅಂದರು. ಎಣ್ಣೆಗೆ ನಲವತ್ತು ಡಾಲರ್ ಇರಬಹುದು, ಮಿಕ್ಕಿದ್ದು ಎರಡು ಬೋಲ್ಟ್ ತಿರುಗಿಸೋ ಕೂಲಿ. ದುಡ್ಡು ಒಂದು ಕಡೆ ಇರಲಿ. ಒಂಬತ್ತು ಅಂಕ ತಗೊಂಡ ಚಿತ್ರವನ್ನ ಒಂದು ಸಲ ನಿಜವಾಗಿ ನೋಡಬೇಕು ಅನ್ನಿಸಿತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಾಡಿ ರಿಪೇರಿ ಮಾಡೋ ಹಾಗಿಲ್ಲ. ಧಾರವಾಡದ ಗೆಳೆಯನೊಬ್ಬ ಮನೆ ತಗೊಂಡಿದ್ದಾನೆ, ಅವನಿಗೆ ಗ್ಯಾರೇಜು ಇದೆ, ಒಳಗೆ ಸಮತಟ್ಟಾದ ಕಾಂಕ್ರೀಟ್ ನೆಲ. ಕೇಳಿದ್ದಕ್ಕೆ "ಬಾರಲೇ, ಜಾಗಾ ನಂದು, ಕೆಲಸಾ ನಿಂದು. ನಾ ಚಾ ಮಾಡಿಕೊಂಡು ಕುರ್ಚಿ ಹಾಕ್ಕೊಂಡು ನೋಡತೇನಿ" ಅಂದ. ಮಾತಿಗೆ ತಪ್ಪದ ಮನುಷ್ಯ, ಹಾಗೇ ಮಾಡಿದ.

ಬೇಕಾದ ಸಾಮಾನು ಇಷ್ಟು. ಒಂದು ಟ್ರಾಲಿ ಜಾಕ್, ನಾಲ್ಕು ಜಾಕ್ ಸ್ಟ್ಯಾಂಡ್, 24 ಮಿಮೀ ಸಾಕೆಟ್, ಎರಡು ಅಡಿ ಉದ್ದದ ಹಿಡಿ, ಟಾರ್ಕ್ ರೆಂಚ್, ಬಾಟಲಿಗೆ ಸಿಕ್ಕಿಸೋ ಕೈ ಪಂಪು, ಹಳೇ ಎಣ್ಣೆ ಹಿಡಿಯೋಕೆ ಟ್ರೇ, ಎರಡು ಹೊಸ ವಾಷರ್, ಗ್ಲೌಸು, ಕನ್ನಡಕ. ಎಣ್ಣೆ ಎರಡು ಬಾಟಲಿ. ಯಾಕೆ ಎರಡು ಅಂದ್ರೆ, ಡಬ್ಬಿ ಹಿಡಿಯೋದು ಒಂದು ಲೀಟರ್, ಅಮೆರಿಕದ ಒಂದು ಕ್ವಾರ್ಟ್ ಬಾಟಲಿಯಲ್ಲಿರೋದು 946 ಮಿಲಿ. ಐವತ್ತು ಚಿಲ್ಲರೆ ಮಿಲಿಗೆ ಇನ್ನೊಂದು ಬಾಟಲಿ. ಜಗತ್ತೆಲ್ಲ ಲೀಟರಿಗೆ ಬಂದರೂ ಇವರು ಬರಲ್ಲ, ನಾವು ದಂಡ ಕಟ್ಟಬೇಕು.

ಶನಿವಾರ ಬೆಳಿಗ್ಗೆ ಕಾರನ್ನ ಇಪ್ಪತ್ತು ನಿಮಿಷ ಓಡಿಸಿಕೊಂಡು ಹೋದೆ. ಬೆಚ್ಚಗಿದ್ದರೆ ಎಣ್ಣೆ ಸಲೀಸಾಗಿ ಇಳಿಯುತ್ತೆ. ಮುಂದಿನ ಕಡೆ ಎತ್ತಿ ಎರಡು ಸ್ಟ್ಯಾಂಡ್, ಹಿಂದೆ ಎತ್ತಿ ಎರಡು ಸ್ಟ್ಯಾಂಡ್. ಹಿಂದೆ ಜಾಕ್ ಕೊಡೋ ಜಾಗ ಆ ಡಿಫರೆನ್ಶಿಯಲ್ ಡಬ್ಬಿಯೇ! ನಾಲ್ಕೂ ಕಡೆ ಯಾಕೆ ಎತ್ತಬೇಕು ಅಂದ್ರೆ, ಕಾರು ಮಟ್ಟಸವಾಗಿದ್ದರೆ ಮಾತ್ರ ಎಣ್ಣೆಯ ಮಟ್ಟ ಸರಿಯಾಗಿ ಸಿಗುತ್ತೆ. ಎಲ್ಲ ಆದ ಮೇಲೆ ಕಾರಿನ ಕೆಳಗೆ ಹೋಗೋ ಮುಂಚೆ ಒಂದು ಸಲ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಒಂಬತ್ತು ಗಂಟೆ, ಹಾಸನದಲ್ಲಿ ಸಂಜೆ ಆರೂವರೆ.

"ಕ್ರೌನ್ ಆಯಿಲ್ ಬದಲಾಯಿಸ್ತಿದೀನಿ ಅಪ್ಪ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಎಣ್ಣೆಯ ಬಗ್ಗೆ ಅಲ್ಲ. "ಸ್ಟ್ಯಾಂಡ್ ಕೊಟ್ಟಿದೀಯಾ? ತೋರ್ಸು." ನಾಲ್ಕನ್ನೂ ತೋರಿಸಿದೆ. "ಹತ್ರ ಹಿಡಿ ಫೋನು. ಪಿನ್ ಪೂರ್ತಿ ಕೂತಿದೆಯಾ? ಗಾಡಿ ಅಲ್ಲಾಡ್ಸು ಒಂದ್ಸಲ. ಜೋರಾಗಿ." ಅಲ್ಲಾಡಿಸಿದೆ, ಕದಲಲಿಲ್ಲ. "ಸ್ಟೆಪ್ನಿ ತೆಗೆದು ಬಾಡಿ ಅಡೀಗೆ ಇಡು." ಡಿಕ್ಕಿಯಿಂದ ಸ್ಟೆಪ್ನಿ ತೆಗೆದು ಇಟ್ಟೆ. "ಜಾಕನ್ನ ತೆಗೀಬೇಡ, ತಾಗಿಸಿ ಬಿಟ್ಟಿರು." ಜಾಕು ಡಿಫರೆನ್ಶಿಯಲ್ ಕೆಳಗೇ ಇದ್ದರೆ ಬೋಲ್ಟಿಗೆ ಕೈ ಹೋಗಲ್ಲ ಅಂದೆ. "ಹಂಗಾದ್ರೆ ಪಕ್ಕದಲ್ಲಿ ಎಲ್ಲಾದ್ರೂ ಗಟ್ಟಿ ಜಾಗ ನೋಡಿ ಕೊಡು. ಬರೀ ತಾಗ್ಲಿ." ಕೊಟ್ಟೆ. ಗೆಳೆಯ ಚಹಾದ ಲೋಟ ಹಿಡಿದು "ಅಂಕಲ್, ಇನ್ನ ಭೂಕಂಪ ಆದ್ರೂ ಈ ಗಾಡಿ ಬೀಳೂದಿಲ್ರಿ" ಅಂದ. ಅಪ್ಪ ನಗಲಿಲ್ಲ.

ಇನ್ನು ಕೆಲಸದ ಮೊದಲನೇ ನಿಯಮ. ಡಬ್ಬಿಗೆ ಎರಡು ಬೋಲ್ಟು ಇರ್ತವೆ. ಮೇಲಿನದು ತುಂಬೋಕೆ, ತಳದ್ದು ಖಾಲಿ ಮಾಡೋಕೆ. ಮೊದಲು ಬಿಚ್ಚಬೇಕಾದ್ದು ಮೇಲಿನದು, ತುಂಬೋದು. ತಳದ್ದನ್ನ ಬಿಚ್ಚಿ ಎಣ್ಣೆಯೆಲ್ಲ ಸುರಿಸಿದ ಮೇಲೆ ಮೇಲಿನದು ಬರಲ್ಲ ಅಂತ ಹಠ ಹಿಡಿದರೆ, ಎಣ್ಣೆ ಇಲ್ಲದ ಗಾಡಿ ಜಾಕಿನ ಮೇಲೇ ನಿಂತಿರುತ್ತೆ, ಓಡಿಸಿಕೊಂಡು ಅಂಗಡಿಗೂ ಹೋಗೋ ಹಾಗಿಲ್ಲ. ಇದನ್ನ ಬರೆದಿಟ್ಟುಕೊಳ್ಳಿ. ಡಿಫರೆನ್ಶಿಯಲ್‌ಗೆ ಮಾತ್ರ ಅಲ್ಲ, ಕೆಲಸ ಬಿಡೋ ಯೋಚನೆ ಇರೋರಿಗೂ ಅನ್ವಯಿಸುತ್ತೆ :-)

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪು ನೀರು ಗಾಡಿಯ ಅಡಿಯನ್ನೆಲ್ಲ ತಿನ್ನುತ್ತೆ. ನನ್ನ ಮೇಲಿನ ಬೋಲ್ಟು ತುಕ್ಕಲ್ಲಿ ಮುಳುಗಿ ಕಂದು ಹೂವಿನ ಹಾಗಿತ್ತು. ಎರಡು ಅಡಿ ಹಿಡಿ ಹಾಕಿ ಎಳೆದೆ, ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಬಿಡಿಸೋ ಎಣ್ಣೆ ಹೊಡೆದು ಕಾಯೋಣ ಅಂದೆ. ಅಪ್ಪ ಫೋನಿನಿಂದಲೇ "ಸಾಕೆಟ್ ನೆಟ್ಟಗೆ, ಪೂರ್ತಿ ಕೂತಿರ್ಬೇಕು, ಓರೆ ಆದ್ರೆ ಮೂಲೆ ತಿಂದ್ಬಿಡುತ್ತೆ. ಎಣ್ಣೆ ಹೊಡಿ. ಸುತ್ತಿಗೆ ತಗೊಂಡು ಬೋಲ್ಟಿನ ತಲೆ ಮೇಲೆ ಮೆತ್ತಗೆ ನಾಕು ಏಟು ಕೊಡು. ಹತ್ತು ನಿಮಿಷ ಬಿಡು. ಎಳೀಬೇಡ, ಜರ್ಕ್ ಕೊಡಬೇಡ, ಮೈ ಭಾರ ಬಿಡು" ಅಂದರು. ಬಲ ಗುಣಿಸು ದೂರ ಅಂತ ನಾನು ನಾಲ್ಕು ವರ್ಷ ಓದಿದ್ದನ್ನ ಅಪ್ಪ ಮೂರು ಪದದಲ್ಲಿ ಹೇಳಿದ್ದರು. ಮೈ ಭಾರ ಬಿಡು.

ಹತ್ತು ನಿಮಿಷ ಬಿಟ್ಟು ಮೈ ಭಾರ ಬಿಟ್ಟೆ. "ಟಕ್" ಅಂತು. ಮೊದಲು ಹಿಡಿ ಮುರಿದೇ ಹೋಯ್ತೇನೋ ಅನ್ನಿಸ್ತು. ಇಲ್ಲ, ಬೋಲ್ಟು ಸಡಿಲವಾಗಿತ್ತು. ಫೋನಿನಲ್ಲಿ ಅಪ್ಪ "ಬಂತು" ಅಂದರು. ಅವರಿಗೆ ಏನೂ ಕಾಣ್ತಿರಲಿಲ್ಲ, ಫೋನು ನೆಲದ ಮೇಲೆ ಛಾವಣಿ ನೋಡ್ತಾ ಬಿದ್ದಿತ್ತು. ಆ ಸದ್ದಿನಿಂದಲೇ ಗೊತ್ತಾಗಿತ್ತು.

ತಳದ ಬೋಲ್ಟು ಅಷ್ಟು ಕಾಡಲಿಲ್ಲ. ಬಿಚ್ಚುತ್ತಿದ್ದಂತೆ ಕಪ್ಪು ಎಣ್ಣೆ ಕಾಕಂಬಿಯ ಹಾಗೆ ದಾರ ಕಟ್ಟಿ ಟ್ರೇಗೆ ಇಳೀತು. ಜೊತೆಗೆ ವಾಸನೆ.

ಗೇರ್ ಆಯಿಲ್ ವಾಸನೆ ಗೊತ್ತಿದ್ದವರಿಗೆ ಗೊತ್ತು. ಗಂಧಕದ್ದು, ಕೊಳೆತ ಮೊಟ್ಟೆ ಮತ್ತು ಸುಟ್ಟ ರಬ್ಬರಿನ ಮಧ್ಯದ್ದು. ಗೆಳೆಯ ಕುರ್ಚಿಯನ್ನ ಹೊರಗೆ ಎಳಕೊಂಡು ಹೋದ. ನಾನು ಮಾತ್ರ ಕಾರಿನ ಕೆಳಗೆ ಮಲಗಿದ್ದವನು ಮಲಗಿದ್ದ ಹಾಗೇ ಇದ್ದೆ. ಇದು ಅಪ್ಪನ ವಾಸನೆ. ರಾತ್ರಿ ಎಂಟಕ್ಕೆ ಮನೆಗೆ ಬಂದು, ಹಿತ್ತಲಲ್ಲಿ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಸೋಪಿನ ಪುಡಿಯಲ್ಲಿ ಉಜ್ಜಿ, ಸ್ನಾನ ಮಾಡಿ, ಬಿಳಿ ಬನಿಯನ್ ಹಾಕ್ಕೊಂಡು ನನ್ನ ಪಕ್ಕ ಕೂತು ಲೆಕ್ಕದ ಪುಸ್ತಕ ನೋಡುವಾಗಲೂ ಉಳಿದಿರ್ತಿದ್ದ ವಾಸನೆ. ಅದು ಅಪ್ಪನದೇ ಮೈವಾಸನೆ ಅಂತ ನಾನು ಸುಮಾರು ವರ್ಷ ಅಂದುಕೊಂಡಿದ್ದೆ. ಗಂಧಕ ರಂಜಕ ಅಂತ ಪುಸ್ತಕದಲ್ಲಿ ಓದಿದಾಗಲೂ ಇದು ಅದೇ ಅಂತ ಹೊಳೆದಿರಲಿಲ್ಲ.

ತಳದ ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತೆ. ಸವೆದ ಉಕ್ಕಿನ ಪುಡಿಯೆಲ್ಲ ಅಲ್ಲಿ ಸೇರುತ್ತೆ. ಅದನ್ನ ಫೋನಿಗೆ ತೋರಿಸಿದೆ. "ಬೆರಳಲ್ಲಿ ಉಜ್ಜು" ಅಂದರು ಅಪ್ಪ. "ನುಣ್ಣಗಿದೆಯಾ, ಚುಚ್ಚುತ್ತಾ?" ನುಣ್ಣಗಿತ್ತು, ವಿಭೂತಿ ಕಲಸಿದ ಹಾಗೆ. "ಹಂಗಾದ್ರೆ ಗಾಡಿ ಚೆನ್ನಾಗಿದೆ. ಚೂರು ಚೂರು ಸಿಕ್ಕಿದ್ರೆ ಹಲ್ಲು ಹೋಗಿದೆ ಅಂತ. ಎಣ್ಣೆ ಹಾಲು ಹಾಲಾಗಿದ್ರೆ ನೀರು ಸೇರಿದೆ ಅಂತ." ನಮ್ಮಲ್ಲಿ ಸರ್ವರ್ ಬಿದ್ದರೆ ಲಾಗ್ ಫೈಲ್ ತೆಗೆದು ಓದ್ತೀವಲ್ಲ, ಇದು ಈ ಡಬ್ಬಿಯ ಲಾಗ್ ಫೈಲು. ಇಪ್ಪತ್ತು ವರ್ಷದ್ದು, ಒಂದು ಚಿಟಿಕೆಯಷ್ಟು.

ಎಣ್ಣೆ ತೊಟ್ಟಿಕ್ಕಿ ಮುಗಿಯೋಕೆ ಅರ್ಧ ಗಂಟೆ ಬಿಟ್ಟೆವು. ಆ ಅರ್ಧ ಗಂಟೆಯಲ್ಲಿ ಅಪ್ಪ ಹೇಳಿದರು. ಅವರು ಕೆಲಸ ಕಲಿಯೋಕೆ ಸೇರಿದ ಮೊದಲ ಗ್ಯಾರೇಜಿನಲ್ಲಿ ಅವರ ವಯಸ್ಸಿನವನೇ ಇನ್ನೊಬ್ಬ ಹುಡುಗ ಇದ್ದನಂತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು. ಒಂದು ದಿನ ಸ್ಟ್ಯಾಂಡ್ ಇಲ್ಲದೆ ಬರೀ ಜಾಕಿನ ಮೇಲೆ ಇದ್ದ ಲಾರಿಯ ಕೆಳಗೆ ಅವನು ಹೋದ, ಜಾಕ್ ಜಾರಿತು. "ಸ್ಪ್ಯಾನರ್ ಕೊಡೋಕೆ ಅಂತ ನಾನು ಪಕ್ಕದಲ್ಲೇ ನಿಂತಿದ್ದೆ ಕಣೋ" ಅಂದರು. ಅಷ್ಟೇ ಹೇಳಿದ್ದು. ಅಮ್ಮನಿಗೂ ಇದು ಗೊತ್ತಿಲ್ಲ ಅನ್ನೋದು ಹಿಂದಿನಿಂದ ಅಮ್ಮ "ಯಾವಾಗ್ರೀ?" ಅಂದಿದ್ದರಿಂದ ಗೊತ್ತಾಯ್ತು.

ಮೆಕ್ಯಾನಿಕ್ ಕೆಲಸ ಕೀಳು, ಮಗ ಇಂಜಿನಿಯರ್ ಆಗಲಿ ಅನ್ನೋ ಆಸೆಗೆ ನನ್ನನ್ನ ಗ್ಯಾರೇಜಿನ ಹೊರಗೆ ನಿಲ್ಲಿಸ್ತಿದ್ದಾರೆ ಅಂತ ನಮ್ಮ ಬೀದಿಯವರೆಲ್ಲ ಹೇಳ್ತಿದ್ದರು. ಅಪ್ಪನೂ ಅದನ್ನ ಒಪ್ಪಿಕೊಂಡವರ ಹಾಗೆ ಸುಮ್ಮನಿರ್ತಿದ್ದರು. ಟಿಫನ್ ಬಾಕ್ಸ್ ಇಸ್ಕೊಳ್ಳೋಕೆ ಅವರು ಬಾಗಿಲಿಗೇ ಓಡಿ ಬರ್ತಿದ್ದಾಗ ಒಳಗೆ ಲಾರಿಗಳು ಎತ್ತಿ ನಿಂತಿರ್ತಿದ್ದವು.

ಸರಿ, ಕೆಲಸಕ್ಕೆ ಬರೋಣ. ತಳದ ಬೋಲ್ಟನ್ನ ಒರೆಸಿ, ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಲ್ಲಿ 45 ನ್ಯೂಟನ್ ಮೀಟರ್‌ಗೆ ಬಿಗಿದೆ. ಅಪ್ಪ ಟಾರ್ಕ್ ರೆಂಚ್ ನೋಡಿ "ಕೈಗೆ ಗೊತ್ತಾಗಲ್ವಾ?" ಅಂದರು. "ನಿಮ್ಮ ಕೈಗೆ ಗೊತ್ತಾಗುತ್ತೆ ಅಪ್ಪ" ಅಂದೆ. ಆಮೇಲೆ ಪಂಪಿನಿಂದ ಹೊಸ ಎಣ್ಣೆ. ಜೇನುತುಪ್ಪದ ಬಣ್ಣ. ಮೇಲಿನ ತೂತಿನ ಅಂಚಿನವರೆಗೆ ಬಂದು, ಹೊರಗೆ ಹನಿಯೋಕೆ ಶುರುವಾದರೆ ತುಂಬಿತು ಅಂತ ಅರ್ಥ. ತುಂಬಿದ ಕೊಡ ತುಳುಕಲ್ಲ ಅಂತಾರೆ, ಇಲ್ಲಿ ಮಾತ್ರ ತುಳುಕಿದರೇನೇ ತುಂಬಿದ್ದು ಗೊತ್ತಾಗೋದು. ಮೊದಲ ಬಾಟಲಿ ಪೂರ್ತಿ, ಎರಡನೆಯದರಲ್ಲಿ ಒಂದು ಗುಟುಕು. ಲೆಕ್ಕ ಸರಿಯಾಗಿ ಕೂತಿತು. ಮೇಲಿನ ಬೋಲ್ಟೂ ಬಿಗಿದು, ಒರೆಸಿ, ಗಾಡಿ ಇಳಿಸಿ ಹತ್ತು ಮೈಲಿ ಓಡಿಸಿ ಬಂದು ನೋಡಿದೆ. ಒಂದು ಹನಿಯೂ ಸೋರಿರಲಿಲ್ಲ. ಗಾಡಿ ಓಡೋದರಲ್ಲಿ ವ್ಯತ್ಯಾಸ ಏನಾದರೂ ಗೊತ್ತಾಯ್ತಾ ಅಂದ್ರೆ, ಇಲ್ಲ. ಗೊತ್ತಾಗಲೂಬಾರದು. ಈ ಎಣ್ಣೆಯ ಕೆಲಸವೇ ಅದು.

ಹಳೇ ಎಣ್ಣೆಯನ್ನ ಖಾಲಿ ಬಾಟಲಿಗೆ ತುಂಬಿ ಆಟೋ ಪಾರ್ಟ್ಸ್ ಅಂಗಡಿಗೆ ಕೊಟ್ಟು ಬಂದೆ, ಇಲ್ಲಿ ಬಿಟ್ಟಿಯಾಗಿ ತಗೊಳ್ತಾರೆ. ಚರಂಡಿಗೆ ಮಾತ್ರ ಯಾವತ್ತೂ ಸುರಿಯಬೇಡಿ. ಒಂದು ಸಲ ಬದಲಾಯಿಸಿದ ಕಾರಿನ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನ ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಇಲಾಖೆಯೇ ಹೇಳುತ್ತೆ.

ಗಾಡಿಯ ಅಚ್ಚಿಗೆ ಹಾಕೋ ಎಣ್ಣೆಗೆ ಕನ್ನಡದಲ್ಲಿ ಕೀಲೆಣ್ಣೆ ಅಂತಾರೆ. ಚೆಂದದ ಪದ. ಬಂಡಿ ಕಿರುಗುಡದೆ ಹೋಗಲಿ ಅಂತ ಹಚ್ಚೋದು. ಆವತ್ತಿನ ಫೋನು ಎರಡು ಗಂಟೆ ಹತ್ತು ನಿಮಿಷ ನಡೆದಿತ್ತು. "ಅಮ್ಮಂಗೆ ಕೊಡ್ತೀನಿ" ಅಂತ ಅಪ್ಪ ಒಂದು ಸಲವೂ ಅನ್ನಲಿಲ್ಲ. ಅಮ್ಮನೇ ಬಂದು "ನಂಗೂ ಸ್ವಲ್ಪ ಕೊಡಿ" ಅಂತ ಇಸ್ಕೊಂಡರು.

ಈಗ ಅಪ್ಪ ವಾರಕ್ಕೊಂದು ಸಲ ಅವರೇ ಫೋನ್ ಮಾಡ್ತಾರೆ. ಮೊನ್ನೆ ಕೇಳಿದ್ದು, "ಗೇರ್‌ಬಾಕ್ಸಿನ ಎಣ್ಣೆ ಯಾವಾಗ?" ಅದಕ್ಕೆ ಕಣ್ಣು ಮುಚ್ಚಿಕೊಂಡು ಯಾವುದೋ ಜಿಎಲ್-5 ಹಾಕೋ ಹಾಗಿಲ್ಲ, ಕೆಲವು ಎಣ್ಣೆಗಳ ಗಂಧಕ ಹಿತ್ತಾಳೆಯ ಭಾಗಗಳಿಗೆ ಆಗಿಬರಲ್ಲ, ಜಿಎಲ್-4 ನೋಡ್ತಿದೀನಿ ಅಂದೆ. ಅಪ್ಪ ಸ್ವಲ್ಪ ಯೋಚಿಸಿ "ಇರು, ಒಬ್ರನ್ನ ಕೇಳಿ ಹೇಳ್ತೀನಿ" ಅಂದಿದ್ದಾರೆ. ಕಾಯ್ತಿದೀನಿ.